ನನ್ನನ್ನು ಅನುಮಾನಿಸುವ ಹಕ್ಕು

ತನ್ನ ಮನಸ್ಸನ್ನೇ ನಂಬುವಂತಿಲ್ಲ ಎಂದಾದಾಗ ಮನುಷ್ಯ ಯಾರನ್ನು ನಂಬಬೇಕು? ನಾನು ತತ್ತ್ವಶಾಸ್ತ್ರ ಓದಿದವನಲ್ಲ. ಮಂಗಳೂರಿನಲ್ಲಿ ಬಿ.ಕಾಂ., ಆಮೇಲೆ ಸಿ.ಎ., ಈಗ ಹದಿನೈದು ವರ್ಷಗಳಿಂದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಲೆಕ್ಕಪತ್ರದ ಕೆಲಸ. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಹನ್ನೊಂದು ವರ್ಷಗಳಿಂದ ಜೊತೆಗಿರುವ ಬೈಪೋಲಾರ್ ಕಾಯಿಲೆ.

ಈ ಕಾಯಿಲೆಗೆ ಎರಡು ಮುಖ. ಉನ್ಮಾದದ ದಿನಗಳಲ್ಲಿ ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ಹೊಳೆದದ್ದೆಲ್ಲ ಮಹಾ ಯೋಜನೆಯಾಗಿ ಕಾಣುತ್ತದೆ. ಖಿನ್ನತೆಯ ದಿನಗಳಲ್ಲಿ ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದರಲ್ಲಿ ಇಲ್ಲದ ಲಾಭ ಬರೆದುಕೊಳ್ಳುತ್ತೇನೆ, ಎರಡನೆಯದರಲ್ಲಿ ಇರುವ ಆಸ್ತಿಯನ್ನೂ ನಷ್ಟಕ್ಕೆ ಹಾಕುತ್ತೇನೆ. ಎರಡು ಸಲವೂ ಪುಸ್ತಕ ಬರೆಯುವವನು ನಾನೇ, ಸರಿಯಾಗಿದೆ ಎಂದು ರುಜು ಹಾಕುವವನೂ ನಾನೇ. ಭಾರತದ 2013ರ ಕಂಪನಿ ಕಾಯ್ದೆಯ 141ನೇ ಕಲಮಿನ ಪ್ರಕಾರ ಕಂಪನಿಯ ಅಧಿಕಾರಿಯಾಗಲಿ ನೌಕರನಾಗಲಿ ಅದೇ ಕಂಪನಿಯ ಆಡಿಟರ್ ಆಗುವಂತಿಲ್ಲ. ಅವರೆಲ್ಲ ಕಳ್ಳರು ಎಂದಲ್ಲ. ತನ್ನ ಲೆಕ್ಕವನ್ನು ತಾನೇ ಹೊರಗಿನಿಂದ ನೋಡುವುದು ಪ್ರಾಮಾಣಿಕನಿಗೂ ಸಾಧ್ಯವಿಲ್ಲ ಎಂದು.

ಮೊದಲು ಮಾತ್ರೆಯ ವಿಷಯ. ನಾನು ತೆಗೆದುಕೊಳ್ಳುವುದು ಲಿಥಿಯಂ. ಉನ್ಮಾದಕ್ಕೆ ಅದು ಉಪಯುಕ್ತವೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಬರೆದದ್ದು 1949ರಲ್ಲಿ. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1970ರಲ್ಲಿ. ಪ್ರಮಾಣ ಸ್ವಲ್ಪ ಹೆಚ್ಚಾದರೆ ವಿಷ. ಆದ್ದರಿಂದ ಆಗಾಗ ರಕ್ತಪರೀಕ್ಷೆ ಆಗಬೇಕು, ಮೂತ್ರಪಿಂಡ, ಥೈರಾಯಿಡ್‌ಗಳ ಮೇಲೂ ಕಣ್ಣಿಡಬೇಕು. "ವಿಶ್ವಾಸವಿದ್ದವನಿಗೆ ಮಾತ್ರೆ ಯಾಕೆ?" ಎಂದು ಪ್ರಾರ್ಥನಾ ಕೂಟಗಳಲ್ಲಿ ಕೇಳಿದವರಿದ್ದಾರೆ. ನಾನು ಅವರಿಗೆ ಪ್ರವಾದಿ ಎಲೀಯನ ಕಥೆ ನೆನಪಿಸುತ್ತೇನೆ. ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದವನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಅವನು ಮತ್ತೆ ಮಲಗಿದಾಗ ಮಲಗಲು ಬಿಟ್ಟ. ದೇವರ ಮಾತು ಬಂದದ್ದು ಆಮೇಲೆ.

ಅನ್ನ ಮತ್ತು ನಿದ್ದೆಯ ಆ ಕ್ರಮ ನನ್ನ ಅಜ್ಜನಿಗೂ ಗೊತ್ತಿತ್ತು. ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಅವರ ಮನೆಯಲ್ಲಿ ಸಂಜೆ ಪ್ರಾರ್ಥನೆ, ಗಂಜಿ, ದೀಪ ಆರಿಸುವುದು, ಎಲ್ಲಕ್ಕೂ ಹೊತ್ತು ಗೊತ್ತು. ಹುಡುಗನಾಗಿದ್ದಾಗ ಬೇಸರ ತರಿಸಿದ ಆ ಗಡಿಯಾರವೇ ಇಂದು ನನ್ನ ಅರ್ಧ ಚಿಕಿತ್ಸೆ. ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು, ಪರದೇಶದ ಬದುಕಿನಲ್ಲಿ ನಿದ್ದೆಗೆಡಲು ಕಾರಣಗಳು ಬೇಕಾದಷ್ಟಿವೆ. ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಊರು ನಮಗಿಂತ ಮುಂದಿದೆ. ನಾವು ಮಲಗುವ ಹೊತ್ತಿಗೆ ಅಲ್ಲಿಂದ ಫೋನು. ಏಪ್ರಿಲ್ 15ಕ್ಕೆ ತೆರಿಗೆಯ ಗಡುವು. ಊರಿಗೆ ಹೋಗಿ ಬಂದರೆ ವಾರಗಟ್ಟಲೆ ಹಗಲು ರಾತ್ರಿ ಅದಲುಬದಲು. ರಾತ್ರಿ ಹತ್ತರ ನಂತರ ಫೋನಿಲ್ಲ, ಕಂಪ್ಯೂಟರಿಲ್ಲ ಎಂಬ ನನ್ನ ನಿಯಮಕ್ಕೆ ಅಮ್ಮನೂ ಒಗ್ಗಿಕೊಂಡಿದ್ದಾರೆ.

ಆದರೆ ಬುದ್ಧಿ ಮೇಲೇರಿದಾಗ ನಿಯಮ ಮುರಿಯುವವನೂ ನಾನೇ. ಆಗ ಯಾರು ತಡೆಯಬೇಕು? ಊರಿನಲ್ಲಾದರೆ ಮನೆಯವರು. ನಿಮ್ಹಾನ್ಸ್‌ನಲ್ಲಿ ಕುಟುಂಬದವರು ರೋಗಿಯ ಜೊತೆಗೇ ಉಳಿಯುವ ವಾರ್ಡುಗಳಿವೆ. ಇಲ್ಲಿ ರೋಗಿ ಒಪ್ಪದೆ ವೈದ್ಯರು ಸಾಮಾನ್ಯವಾಗಿ ಹೆಂಡತಿಯ ಹತ್ತಿರವೂ ಬಾಯಿಬಿಡುವುದಿಲ್ಲ. ತನಗೋ ಇತರರಿಗೋ ಅಪಾಯ ತಂದುಕೊಳ್ಳುವ ಹಂತ ಮುಟ್ಟಿದರೆ ಕ್ಯಾಲಿಫೋರ್ನಿಯಾದ 5150ನೇ ಕಲಮಿನಡಿ 72 ಗಂಟೆ ಆಸ್ಪತ್ರೆಯಲ್ಲಿ ಇರಿಸಬಹುದು. ಅಲ್ಲಿ ಎಲ್ಲರೂ ಸೇರಿ ನನ್ನ ಪರವಾಗಿ ತೀರ್ಮಾನಿಸುತ್ತಾರೆ. ಇಲ್ಲಿ ಬೀಳುವ ತನಕ ನನ್ನನ್ನು ನನಗೇ ಬಿಡುತ್ತಾರೆ. ಎರಡರಲ್ಲೂ ಒಳ್ಳೆಯದಿದೆ, ಆದರೆ ನನಗೆ ಎರಡೂ ಸಾಲದು.

ನಡುವಿನ ದಾರಿಯೊಂದಿದೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮುಂದೆ ಕಾಯಿಲೆ ಬಿದ್ದಾಗ ತನ್ನನ್ನು ಹೇಗೆ ನೋಡಿಕೊಳ್ಳಬೇಕೆಂದು ವಯಸ್ಕರಾದ ಯಾರು ಬೇಕಾದರೂ ಮೊದಲೇ ಬರೆದಿಡಬಹುದು, ತನ್ನ ಪ್ರತಿನಿಧಿಯನ್ನೂ ಹೆಸರಿಸಬಹುದು. ನಾನೂ ಹಾಗೊಂದು ಕರಾರು ಮಾಡಿಕೊಂಡಿದ್ದೇನೆ, ಕಾನೂನಿನದಲ್ಲ, ಗೆಳೆತನದ್ದು. ಫ್ರೀಮಾಂಟ್‌ನಲ್ಲಿರುವ ಗೆಳೆಯ ಧಾರವಾಡದ ಕಡೆಯವನು, ಲಿಂಗಾಯತರ ಮನೆಯವನು. ಬದಲಾವಣೆ ಮೊದಲು ಕಾಣುವುದು ಹೆಂಡತಿಗೇ. ಆದರೆ ಆಕೆ ಹೇಳಿದರೆ ಅದು ಗಂಡ ಹೆಂಡಿರ ಜಗಳವಾಗಿಬಿಡುತ್ತದೆ. ಹಾಗಾಗಿ ಗೆಳೆಯ ಕೇಳುತ್ತಾನೆ, "ನಿನ್ನೆ ಎಷ್ಟ್ ತಾಸು ಮಲಗಿದ್ಯೋ?" ನಿದ್ದೆ, ಖರ್ಚು, ಮಾತ್ರೆ, ಈ ಮೂರನ್ನು ಕೇಳುವ ಹಕ್ಕು ಅವನದು. ಎರಡು ತಪ್ಪಿದರೆ ನನ್ನ ವೈದ್ಯರಿಗೆ ಫೋನು ಮಾಡುವ ಹಕ್ಕೂ ಅವನದೇ. ಅದಕ್ಕೆ ಬೇಕಾದ ಕಾಗದಕ್ಕೆ ಸಹಿ ಹಾಕಿ ಕೊಟ್ಟಿದ್ದೇನೆ. ಕರಾರು ರದ್ದು ಮಾಡುವ ಅಧಿಕಾರ ನನಗಿದೆ, ಆದರೆ ಸತತ ಎರಡು ವಾರ ಏಳು ಗಂಟೆ ಮಲಗಿದ ಮೇಲೆ ಮಾತ್ರ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಹೀಗೆ ಕಾಯುತ್ತ ಕೂತರೆ ನನ್ನ ಸಂತೋಷವೆಲ್ಲ ರೋಗಲಕ್ಷಣವಾಗಿಬಿಡುವುದಿಲ್ಲವೆ? ಒಂದು ಕ್ರಿಸ್‌ಮಸ್ ರಾತ್ರಿ ಹಾಡಿ ಹಾಡಿ ಎರಡು ಗಂಟೆಗೆ ಮನೆಗೆ ಬಂದು, ನಾಲ್ಕೇ ಗಂಟೆ ಮಲಗಿ, ಉಬ್ಬಿಹೋಗಿದ್ದೆ. ಗೆಳೆಯ ಕೇಳಿದಾಗ ಸಿಟ್ಟು ಬಂತು. ಮರುರಾತ್ರಿ ಎಂಟು ಗಂಟೆ ಗೊರಕೆ ಹೊಡೆದೆ. ಅದು ಬರೀ ಸಂತೋಷವಾಗಿತ್ತು. ಇನ್ನೊಮ್ಮೆ, ನಮ್ಮ ಕೂಟಕ್ಕೆ ಸ್ವಂತ ಕಟ್ಟಡ ಕೊಳ್ಳಲು ದೇವರೇ ಹೇಳಿದ್ದಾನೆ ಎನ್ನಿಸಿ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ಆ ಸಲ ಅವನು ವೈದ್ಯರಿಗೆ ಫೋನು ಮಾಡಿದ. ಔಷಧ ಬದಲಾಯಿತು, ಆಸ್ಪತ್ರೆ ತಪ್ಪಿತು. ಎರಡನ್ನೂ ಒಳಗಿನಿಂದ ಬೇರೆ ಮಾಡಿ ನೋಡುವುದು ನನಗೆ ಸಾಧ್ಯವಿರಲಿಲ್ಲ. ಆದರೆ ನನ್ನ ಹಾಡು, ಭಕ್ತಿ, ಅಭಿಪ್ರಾಯಗಳು ಅವನ ಮೂರು ಪ್ರಶ್ನೆಗಳೊಳಗೆ ಬರುವುದಿಲ್ಲ. ಅನುಮಾನಕ್ಕೆ ಗಡಿಯಿದ್ದರೆ ಅದು ಗೆಳೆತನ, ಗಡಿಯಿಲ್ಲದಿದ್ದರೆ ಪಹರೆ.

ಇದರಲ್ಲಿ ಕ್ರಿಸ್ತನ ಮೇಲಿನ ವಿಶ್ವಾಸದ ಪಾಲೇನು? ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕವಿ ವಿಲಿಯಂ ಕೂಪರ್ 1773ರಲ್ಲಿ ಮನಸ್ಸು ಕೆಟ್ಟಾಗ, ದೇವರು ತನ್ನನ್ನು ತೊರೆದಿದ್ದಾನೆಂದು ಖಚಿತವಾಗಿ ನಂಬಿಬಿಟ್ಟ. ಗೆಳೆಯ ಜಾನ್ ನ್ಯೂಟನ್, ಓಲ್ನಿ ಎಂಬ ಊರಿನ ಪಾದ್ರಿ, ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲಿಟ್ಟುಕೊಂಡ. ಮೇರಿ ಅನ್ವಿನ್ ಎಂಬಾಕೆ ಆರೈಕೆ ಮಾಡಿದಳು. ಕೂಪರ್ ತೋಟ ಮಾಡಿದ, ಮರಗೆಲಸ ಮಾಡಿದ, ಮೊಲಗಳನ್ನು ಸಾಕಿದ, 1785ರಲ್ಲಿ ತನ್ನ ದೊಡ್ಡ ಕಾವ್ಯವನ್ನು ಪ್ರಕಟಿಸಿದ. ದೇವರು ಕೈಬಿಟ್ಟಿದ್ದಾನೆಂಬ ಅವನ ನಂಬಿಕೆ ಮಾತ್ರ 1800ರಲ್ಲಿ ತೀರಿಕೊಳ್ಳುವ ತನಕ ಹೋಗಲಿಲ್ಲ. ವಿಶ್ವಾಸ ಎಲ್ಲವನ್ನೂ ವಾಸಿ ಮಾಡುತ್ತದೆ ಎನ್ನುವವರಿಗೆ ಈ ಬದುಕು ಮುಜುಗರ ತರಬಹುದು. ನನಗೆ ಧೈರ್ಯ ತರುತ್ತದೆ. ಅವನಿಂದ ನಂಬಲಾಗದಿದ್ದಾಗ ಅವನಿಗಾಗಿ ನಂಬಿದವರು ಇದ್ದರು.

ನನ್ನ ಬೆಲೆ ನನ್ನ ಮನಸ್ಸಿನ ಏರಿಳಿತದಿಂದ ಗೊತ್ತಾಗುವುದಿಲ್ಲ, ಅದನ್ನು ಬೇರೊಬ್ಬನು ಆಗಲೇ ಕಟ್ಟಿದ್ದಾನೆ ಎಂಬುದು ನನ್ನ ವಿಶ್ವಾಸ. ಆ ನೆಲೆ ಇರುವುದರಿಂದಲೇ ಗೆಳೆಯನ ಪ್ರಶ್ನೆ ಅವಮಾನವೆನಿಸದೆ ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಬೇರೆಯವರಿಗೆ ಈ ನೆಲೆ ವಚನದಲ್ಲಿ ಸಿಗಬಹುದು, ನಮಾಜಿನಲ್ಲಿ ಸಿಗಬಹುದು, ಹೆತ್ತವರ ಪ್ರೀತಿಯಲ್ಲಿ ಸಿಗಬಹುದು. ಎಲ್ಲಿಂದಲಾದರೂ ಸಿಗಲೇಬೇಕು. ತಿಳಿಯಾಗಿರುವ ದಿನ, ಪೂರ್ಣ ಒಪ್ಪಿಗೆಯಿಂದ, ನನ್ನನ್ನು ಅನುಮಾನಿಸುವ ಹಕ್ಕನ್ನು ನಾನು ಇನ್ನೊಬ್ಬನಿಗೆ ಕೊಟ್ಟಿದ್ದೇನೆ. ಅದನ್ನು ಸ್ವಾತಂತ್ರ್ಯದ ನಷ್ಟವೆಂದು ನನ್ನ ಪುಸ್ತಕದಲ್ಲಿ ಬರೆಯಲಾರೆ. ಉಳಿದ ಸ್ವಾತಂತ್ರ್ಯವೆಲ್ಲ ನಿಂತಿರುವುದು ಅದರ ಮೇಲೆಯೇ.