ಓಡತಾ ಓಡತಾ ರಾಗ

‘ಹಾಡತಾ ಹಾಡತಾ ರಾಗ, ನರಳತಾ ನರಳತಾ ರೋಗ.’ ಈ ಗಾದೆಯನ್ನು ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ಮಗ್ಗಿ ಬಾರದ ಹುಡುಗನಿಗೆ ಮಾಸ್ತರರು ಮೊದಲರ್ಧ ಹೇಳುತ್ತಾರೆ. ಮೊಣಕಾಲು ಹಿಡಿದು ಕೂತವರಿಗೆ ಮನೆಯವರು ಎರಡನೆಯದನ್ನು ಹೇಳುತ್ತಾರೆ. ಎರಡನ್ನೂ ಕೂಡಿಸಿ ಓದಿದರೆ ಗಾದೆ ಗಡುಸಾಗುತ್ತದೆ. ದಿನಾ ಮಾಡಿದರೆ ಒಳ್ಳೆಯದೇ ಆಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ರಾಗವೂ ರೂಢಿಯಿಂದ ಬರುತ್ತದೆ, ರೋಗವೂ ರೂಢಿಯಿಂದಲೇ ಬರುತ್ತದೆ. ನಮ್ಮ ರೂಢಿ ಯಾವ ಕಡೆ ವಾಲೀತು? ಗಾದೆ ಬಾಯಿ ಬಿಡುವುದಿಲ್ಲ. ಜೊತೆಗಿದ್ದವರು ಎಳೆದ ಕಡೆಗೆ ಎಂಬುದು ನನ್ನ ಉತ್ತರ. ಓಟದ ಮಟ್ಟಿಗಂತೂ ಇದು ಖರೆ.

ಬಾಗಲಕೋಟೆ, ಹುನಗುಂದ, ಇಳಕಲ್ಲಿನ ರಸ್ತೆಗಳಲ್ಲಿ ನಸುಕಿಗೇ ಓಡುವ ಹುಡುಗರು ಬಹುತೇಕ ‘ಭರ್ತಿ’ಯವರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹೊಟ್ಟೆಪಾಡಿನ ಓಟ, ತಪ್ಪೆನ್ನಲಾರೆ. ಆದರೆ ಗಡಿಯಾರಕ್ಕೆ ಹೆದರಿ ಕಲಿತ ಓಟ ಭರ್ತಿಯ ದಿನಕ್ಕೇ ಮುಗಿಯುತ್ತದೆ. ಮರುದಿನದಿಂದ ಬೂಟು ಮೂಲೆ ಸೇರುತ್ತದೆ.

ನಲವತ್ತು ದಾಟಿದವರ ಕಥೆ ಬೇರೆ. ಡಾಕ್ಟರು ಸಕ್ಕರೆ ಕಾಯಿಲೆಯ ಹೆಸರು ಹೇಳಿದ್ದೇ ತಡ, ಹೊಸ ಬೂಟು ಕಟ್ಟಿಕೊಂಡು ಒಬ್ಬರೇ ಹೊರಡುತ್ತಾರೆ. ಯಾರಾದರೂ ನೋಡಿಯಾರೆಂಬ ಸಂಕೋಚಕ್ಕೆ ಜೋರಾಗಿ ಓಡುತ್ತಾರೆ. ಓಣಿ ದಾಟುವುದರೊಳಗೆ ದಮ್ಮು ಹತ್ತಿ, ಪಕ್ಕೆ ಹಿಡಿದು ನಿಲ್ಲುತ್ತಾರೆ. ವಾರ ಕಳೆಯುವಷ್ಟರಲ್ಲಿ ‘ಓಟ ನಮ್ಮಂಥವರಿಗಲ್ಲ’ ಎಂಬ ತೀರ್ಪು ಬಂದಿರುತ್ತದೆ. ಅವರಿಗೆ ಒಗ್ಗದಿದ್ದುದು ಓಟವಲ್ಲ, ವೇಗ. ಸ್ನಾಯುಗಳು ಕೇಳುವಷ್ಟು ಆಮ್ಲಜನಕವನ್ನು ಉಸಿರು ಒದಗಿಸುತ್ತಿರುವ ತನಕ ಮಾತು ತುಂಡಾಗುವುದಿಲ್ಲ. ಅದನ್ನು ಮೀರಿದರೆ ಏದುಸಿರು ಶುರು. ಓಡುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಹೊಸಬರಿಗೆ ಅದೇ ಸರಿಯಾದ ವೇಗ ಎಂದು ತರಬೇತುದಾರರು ಹೇಳುವುದು ಇದಕ್ಕೇ. ಆದರೆ ಒಬ್ಬನೇ ಓಡುವವನು ಯಾರೊಂದಿಗೆ ಮಾತಾಡಬೇಕು? ಪಕ್ಕದಲ್ಲಿ ಗೆಳೆಯನಿದ್ದರೆ ಮಳೆಯ ಮಾತು ಬರುತ್ತದೆ, ಉಳ್ಳಾಗಡ್ಡಿ ರೇಟಿನ ಮಾತು ಬರುತ್ತದೆ, ಕಾಲು ತಾನಾಗಿ ನಿಧಾನವಾಗುತ್ತದೆ. ಆಗದಿದ್ದರೆ ಅವನೇ ಗದರುತ್ತಾನೆ: ‘ಸಾವಕಾಶ ಬಾರೋ ದೋಸ್ತ, ನಾವೇನ್ ಬಸ್ ಹಿಡಿಯೂದೈತೇನು?’

ಜೊತೆಯಿದ್ದಾಗ ನರಳಾಟ ಕಡಿಮೆಯಾಗುವುದು ಬರೀ ಮನಸ್ಸಿನ ಸಮಾಧಾನವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ತಂಡದ 12 ಹುಡುಗರನ್ನು ಹುಟ್ಟು ಹಾಕುವ ಯಂತ್ರದ ಮೇಲೆ ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ಜೊತೆಯಾಗಿ ದುಡಿಸಿ, ಬಳಿಕ ಅವರು ನೋವನ್ನು ಎಷ್ಟು ತಾಳುತ್ತಾರೆಂದು ಅಳೆದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ದುಡಿಮೆ ಅಷ್ಟೇ ಆಗಿದ್ದರೂ ಜೊತೆಯಾಗಿ ದುಡಿದ ಮೇಲೆ ತಾಳಿಕೆ ಹೆಚ್ಚಿತ್ತು. ಮೈಯಲ್ಲೇ ಹುಟ್ಟುವ ನೋವುನಿವಾರಕ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕು ಎಂಬುದು ಸಂಶೋಧಕರ ಊಹೆ.

ಇದನ್ನು ತಿಳಿಯಲು ನಮ್ಮವರು ಆಕ್ಸ್‌ಫರ್ಡಿಗೆ ಹೋಗಬೇಕಿರಲಿಲ್ಲ. ಯುಗಾದಿ ಹತ್ತಿರವಾದಂತೆ ಈ ಜಿಲ್ಲೆಯಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವವರನ್ನು ನೋಡಿ. ದಾರಿ ನೂರಾರು ಕಿಲೋಮೀಟರ್, ಬಿಸಿಲು ರಾಯಚೂರು ಸೀಮೆಯದು, ಕೆಲವರಂತೂ ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಊರೂರಲ್ಲಿ ಅನ್ನ, ಮಜ್ಜಿಗೆ, ಕಾಲಿಗೆ ಎಣ್ಣೆ ತಿಕ್ಕುವವರು. ಮಲ್ಲಯ್ಯನ ಪದ ಹಾಡುತ್ತ ಹೊರಟ ಗುಂಪಿನಲ್ಲಿ ಬೊಬ್ಬೆ ಎದ್ದವನೂ ಹಾಡುತ್ತಾನೆ. ಊರಲ್ಲಿದ್ದಾಗ ಹೊಲಕ್ಕೂ ಬೈಕಿನಲ್ಲೇ ಹೋಗುವವನು ಅವನು! ಭಕ್ತಿಯ ಬಲ ದೊಡ್ಡದು, ಒಪ್ಪುತ್ತೇನೆ. ಅದೇ ಭಕ್ತಿ ಹೊತ್ತು ಒಬ್ಬನೇ ಹೊರಟವನು ಎಲ್ಲಿಯವರೆಗೆ ನಡೆದಾನು ಎಂಬುದನ್ನೂ ಯೋಚಿಸಬೇಕು.

ಜಗತ್ತಿನ ಮೇಲಾಟದ ಓಟಗಾರನಿಗೂ ಜೊತೆಯ ಹಂಗಿನಿಂದ ಬಿಡುಗಡೆಯಿಲ್ಲ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ, ಸರದಿಯ ಮೇಲೆ ಗಾಳಿಗೆ ಮರೆಯಾಗಿ ಓಡಿದ ಜೊತೆಗಾರರು 41 ಮಂದಿ. ಅದನ್ನು ದಾಖಲೆಯಾಗಿ ಗಣಿಸಲಿಲ್ಲ, ಆ ಮಾತು ಬೇರೆ.

ಹೆಂಗಸರಿಗಂತೂ ಜೊತೆಯೆಂದರೆ ಬರೀ ಉತ್ಸಾಹವಲ್ಲ, ಮನೆಯಿಂದ ಹೊರಗೆ ಕಾಲಿಡಲು ಸಿಗುವ ಪರವಾನಗಿ. ಮನೆಮಠ ಮುಳುಗಡೆಯಾದವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ರಸ್ತೆಗಳು ಅಗಲ, ನೆರಳೂ ಉಂಟು. ಆದರೂ ಒಬ್ಬಳೇ ಓಡಿದರೆ ಹತ್ತು ಕಣ್ಣು ಹಿಂದೆ ಓಡುತ್ತವೆ. ನಾಲ್ವರು ಅಕ್ಕತಂಗಿಯರಂತೆ ಕೂಡಿ ಹೊರಟರೆ ಕಣ್ಣುಗಳೂ ಸುಮ್ಮನಾಗುತ್ತವೆ, ಬೀದಿನಾಯಿಗಳೂ ಸುಮ್ಮನಾಗುತ್ತವೆ.

ಎಲ್ಲ ಗೆಳೆಯರೂ ಇದಕ್ಕೆ ಆಗಿಬರುವುದಿಲ್ಲ. ಹೆಜ್ಜೆಹೆಜ್ಜೆಗೂ ವಾಚು ನೋಡಿ ‘ಇಷ್ಟ ಸಾಕೇನಲೇ?’ ಎಂದು ಹಂಗಿಸುವವನು ಗಾದೆಯ ಎರಡನೆಯ ಅರ್ಧದ ಕಡೆಯವನು. ನೀವು ನಿಂತಾಗ ತಾನೂ ನಿಂತು, ನಾಳೆ ಐದಕ್ಕೆ ಬಂದು ಬಾಗಿಲು ಬಡಿಯುವವನನ್ನು ಹುಡುಕಿಕೊಳ್ಳಿ. ಬೇಸಿಗೆಯಾದರೆ ಐದು ಎಂದರೆ ಐದೇ. ಏಳಕ್ಕೆಲ್ಲ ನಮ್ಮ ಬಿಸಿಲು ಚುರುಕಾಗಿರುತ್ತದೆ. ಬಾದಾಮಿಯಿಂದ ಬನಶಂಕರಿಗೆ ಸುಮಾರು ಐದು ಕಿಲೋಮೀಟರ್. ಮಾತಾಡುತ್ತ ಆದಷ್ಟು ಓಡಿ, ಉಳಿದದ್ದು ನಡೆಯಿರಿ. ಮರಳಿ ಬರಲು ಬಸ್ಸಿದೆ, ನಾಚಿಕೆಪಡದೆ ಹತ್ತಿ.