ಕುಂಡದಲ್ಲಿ ನಿಂತ ಝೈತೂನ್

ಬೋನ್ಸಾಯ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೇಜಿನ ಮೇಲೆ ಇಡಬಹುದಾದ ಪುಟ್ಟ ಮರ. ಆದರೆ ಸ್ಪೇನ್, ಇಟಲಿಗಳ ಬೋನ್ಸಾಯ್ ಪ್ರಿಯರು ಸಾಕುವ ಕೆಲವು ಝೈತೂನ್ ಮರಗಳನ್ನು ಒಬ್ಬರಿಂದ ಎತ್ತಲಾಗದು. ದೊಡ್ಡ ಬೋನ್ಸಾಯ್‌ಗಳನ್ನು ಎತ್ತಲು ಎಷ್ಟು ಕೈ ಬೇಕು ಎಂಬುದರಿಂದಲೇ ಅಳೆಯುವ ರೂಢಿಯಿದೆ: ನಾಲ್ಕು ಕೈಯ ಮರ, ಎಂಟು ಕೈಯ ಮರ. ದಪ್ಪ ಕಾಂಡ, ಅಲ್ಲಲ್ಲಿ ಟೊಳ್ಳು, ಒಂದು ಬದಿಯಲ್ಲಿ ಒಣಗಿ ಬಿಳಿಚಿದ ಕಟ್ಟಿಗೆ, ಇನ್ನೊಂದು ಬದಿಯಲ್ಲಿ ಬೂದು ಹಸಿರಿನ ಸಣ್ಣ ಎಲೆಗಳು. ಇಂತಹ ಮರವನ್ನು ಕಂಡಾಗ ಮೊದಲು ಬೆರಗು ಹುಟ್ಟುತ್ತದೆ. ಆಮೇಲೆ ಒಂದು ಪ್ರಶ್ನೆ: ಒಂದು ಜೀವವನ್ನು ನಮ್ಮ ಇಷ್ಟದ ರೂಪಕ್ಕೆ ತರುವ ಹಕ್ಕು ನಮಗೆ ಯಾರು ಕೊಟ್ಟರು?

ಮರವನ್ನು ಹಸಿವಿನಲ್ಲಿಟ್ಟು ಕುಬ್ಜಗೊಳಿಸುತ್ತಾರೆ ಎಂಬುದು ಹಳೆಯ ದೂರು. ಅದು ಸರಿಯಲ್ಲ. ಹಸಿದ ಮರ ಚಿಗುರುವುದಿಲ್ಲ. ಚಿಗುರದ ಮರಕ್ಕೆ ರೂಪ ಕೊಡಲಾಗದು. ಝೈತೂನಿಗೆ ದಿನವಿಡೀ ಬಿಸಿಲು ಬೇಕು, ನೀರು ನಿಲ್ಲದ ಹರಳು ಮಣ್ಣು ಬೇಕು, ಬೆಳೆಯುವ ಕಾಲದಲ್ಲಿ ಗೊಬ್ಬರ ಬೇಕು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರುಣಿಸಬೇಕು. ಕೆಲವು ವರ್ಷಗಳಿಗೊಮ್ಮೆ ವಸಂತದಲ್ಲಿ ಬೇರು ಸವರಿ ಹೊಸ ಮಣ್ಣು ತುಂಬಬೇಕು.

ರೂಪ ಕೊಡುವ ಕೆಲಸದಲ್ಲಿಯೂ ಈ ಮರ ನಮಗೆ ಮಿತಿ ಹಾಕುತ್ತದೆ. ಅದರ ಬಲಿತ ಕೊಂಬೆ ಬಗ್ಗುವುದಿಲ್ಲ, ಮುರಿಯುತ್ತದೆ. ಎಳೆಯ ಕೊಂಬೆಗೆ ತಂತಿ ಸುತ್ತಿ ದಿಕ್ಕು ತೋರಿಸಬಹುದು. ಆದರೆ ತಂತಿ ತೊಗಟೆಗೆ ಕಚ್ಚಿಕೊಳ್ಳುವ ಮೊದಲೇ ಬಿಚ್ಚಬೇಕು. ಮರೆತರೆ ಆ ಸುರುಳಿಯ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಹಳೆಯ ಝೈತೂನಿನ ಕಾಂಡದಲ್ಲಿ ಬೇರಿನಿಂದ ಕೊಂಬೆಗೆ ಪಟ್ಟಿಪಟ್ಟಿಯಾಗಿ ಜೀವ ಹರಿಯುತ್ತದೆ. ಒಂದು ದೊಡ್ಡ ಬೇರು ಕಡಿದರೆ ಅದರ ಮೇಲಿನ ಪಟ್ಟಿಯೇ ಸಾಯಬಹುದು. ಮಕ್ಕಳ ತರಬಿಯತ್ತಿನ ಬಗ್ಗೆ ಯೋಚಿಸುವವರಿಗೆ ಇದರಲ್ಲಿ ಪಾಠವಿಲ್ಲವೇ? ಎಲ್ಲಿ ಬಗ್ಗಿಸಬಹುದು ಎಂಬುದಷ್ಟೇ ತಿಳಿದರೆ ಸಾಲದು, ಯಾವಾಗ ಬಿಚ್ಚಬೇಕು ಎಂಬುದೂ ತಿಳಿದಿರಬೇಕು.

ಇನ್ನೊಂದು ಮಾತು. ಮೆಡಿಟರೇನಿಯನ್ ತೀರದ ಕಲ್ಲುಗುಡ್ಡಗಳಲ್ಲಿ ಕಾಡು ಝೈತೂನನ್ನು ಆಡುಗಳು ತಲೆಮಾರುಗಳಿಂದ ಮೇಯ್ದು ಗಿಡ್ಡಗೊಳಿಸಿವೆ. ಕಾಳ್ಗಿಚ್ಚು ಸುಟ್ಟ ಮೇಲೂ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಕತ್ತರಿ ಅದಕ್ಕೆ ಹೊಸತಲ್ಲ. ಹಾಗಾದರೆ ತಪ್ಪು ಎಲ್ಲಿರಬಹುದು?

ನಮ್ಮ ಅಭಿಪ್ರಾಯದಲ್ಲಿ ನಿಜವಾದ ಪ್ರಶ್ನೆ ಇರುವುದು ಕತ್ತರಿಯಲ್ಲಲ್ಲ, ಗುದ್ದಲಿಯಲ್ಲಿ. ಆ ದಪ್ಪ ಕಾಂಡ ಕುಂಡದಲ್ಲಿ ಬೆಳೆದದ್ದಲ್ಲ. ಬಹುತೇಕ ಅದು ನೂರಾರು ವರ್ಷ ಯಾವುದೋ ಗುಡ್ಡದಲ್ಲಿ, ಯಾರದೋ ತೋಟದಲ್ಲಿ ನಿಂತಿದ್ದುದು. ರಸ್ತೆಗಾಗಿಯೋ ಹೊಸ ತೋಟಕ್ಕಾಗಿಯೋ ಬುಲ್ಡೋಜರಿನ ಬಾಯಿಗೆ ಬೀಳಲಿದ್ದ ಬೊಡ್ಡೆಯನ್ನು ತಂದು ಬದುಕಿಸಿದರೆ ಅದು ಉಪಕಾರ. ಚೆನ್ನಾಗಿ ನಿಂತಿದ್ದ ಮರವನ್ನು ಅಂದಕ್ಕಾಗಿ ಕಿತ್ತು ತಂದರೆ? ಸ್ಪೇನಿನಲ್ಲಿ ಪುರಾತನ ಝೈತೂನ್‌ಗಳನ್ನು ಕಿತ್ತು ಶ್ರೀಮಂತರ ಅಂಗಳಗಳಿಗೆ ಮಾರುವ ವ್ಯಾಪಾರ ಬೆಳೆದಿತ್ತು. ಅಲ್ಲಿನ ವೆಲೆನ್ಸಿಯಾ ಪ್ರಾಂತ್ಯವು 2006ರಲ್ಲಿ ಕಾನೂನು ಮಾಡಿ, 350 ವರ್ಷ ದಾಟಿದ ಅಥವಾ ಕಾಂಡದ ಸುತ್ತಳತೆ 6 ಮೀಟರ್ ಮೀರಿದ ಮರಗಳಿಗೆ ರಕ್ಷಣೆ ಕೊಟ್ಟಿತು. ಹಣ ಕೊಟ್ಟವನು ಮರವನ್ನು ಕೊಳ್ಳಬಹುದು, ಅದು ಬೆಳೆಯಲು ಹಿಡಿದ ಶತಮಾನಗಳನ್ನು ಕೊಳ್ಳಲಾರ ಎಂಬ ವಿವೇಕ ಇದರ ಹಿಂದಿದೆ.

ಪ್ಯಾಲೆಸ್ತೀನಿನಲ್ಲಿ ಝೈತೂನ್ ಕೀಳುವುದಕ್ಕೆ ಇನ್ನೊಂದೇ ಅರ್ಥವಿದೆ. ಅಲ್ಲಿ ಮರವು ರೈತನ ಅನ್ನ, ಜೊತೆಗೆ ಈ ನೆಲ ತನ್ನದೆಂಬುದಕ್ಕೆ ಸಾಕ್ಷಿ. ಸಾಕ್ಷಿಯನ್ನು ಅಳಿಸಲೆಂದೇ ಅದನ್ನು ಉರುಳಿಸಲಾಗುತ್ತದೆ. ಆದರೆ ಫಲ ಕೊಡುವ ಮರಗಳನ್ನು ಕಡಿಯಬಾರದೆಂದು ಖಲೀಫಾ ಅಬೂಬಕರ್(ರ) ಯುದ್ಧಕ್ಕೆ ಹೊರಟ ಸೇನೆಗೇ ಆದೇಶಿಸಿದ್ದರು.

ಪವಿತ್ರ ಕುರ್‌ಆನಿನ ಅತ್ತೀನ್ ಅಧ್ಯಾಯದಲ್ಲಿ ಅಲ್ಲಾಹನು ಝೈತೂನಿನ ಮೇಲೆ ಆಣೆ ಹಾಕಿದ್ದಾನೆ. ಅನ್ನೂರ್ ಅಧ್ಯಾಯದಲ್ಲಿ ಅದನ್ನು ಅನುಗ್ರಹೀತ ಮರವೆಂದು ಕರೆದಿದ್ದಾನೆ. ಸೃಷ್ಟಿಕರ್ತನು ಇಷ್ಟು ಗೌರವಿಸಿದ ವಸ್ತುವಿಗೆ ನಾವು ಒಡೆಯರಾಗುವುದು ಹೇಗೆ? ನಮಗಿರುವುದು ಅಮಾನತ್ ಮಾತ್ರ. ಅಮಾನತ್ತಿನ ಮೊದಲ ಷರತ್ತು ನ್ಯಾಯವಾಗಿ ಪಡೆಯುವುದು. ಎರಡನೆಯದು ಪಡೆದ ಮೇಲೆ ಬಿಟ್ಟುಹೋಗದಿರುವುದು. ಕುಂಡದ ಬೇರಿಗೆ ದೂರದ ನೀರು ಹುಡುಕಿ ಹೋಗಲು ದಾರಿಯಿಲ್ಲ. ಆ ದಾರಿ ಮುಚ್ಚಿದವರು ನಾವೇ ಆದ್ದರಿಂದ, ಬೇಸಗೆಯ ಪ್ರತಿ ದಿನವೂ ಅದರ ಮಣ್ಣು ಮುಟ್ಟಿ ನೋಡುವ ಹೊಣೆಯೂ ನಮ್ಮದೇ.

ಮೂರನೆಯದು, ನಮ್ಮ ನಂತರದವರಿಗೆ ಒಪ್ಪಿಸುವುದು. ಹಿರೋಶಿಮಾದ ಯಮಾಕಿ ಕುಟುಂಬದಲ್ಲಿ 1625ರಿಂದ ಕುಂಡದಲ್ಲಿ ಬೆಳೆಸಿಕೊಂಡು ಬಂದ ಒಂದು ಪೈನ್ ಬೋನ್ಸಾಯ್ ಇತ್ತು. 1945ರ ಆಗಸ್ಟ್ 6ರ ಅಣುಬಾಂಬಿಗೂ ಅದು ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಆ ಮರವನ್ನು ಅಮೆರಿಕಕ್ಕೇ ಉಡುಗೊರೆ ಕೊಟ್ಟರು. 2001ರಲ್ಲಿ ಮೊಮ್ಮಕ್ಕಳು ನೋಡಲು ಬಂದಾಗಲೇ ಅದು ಎಲ್ಲಿಂದ ಬದುಕಿ ಬಂದದ್ದೆಂದು ಅಲ್ಲಿನವರಿಗೆ ತಿಳಿದದ್ದು. ತಲೆಮಾರುಗಳ ಆರೈಕೆಯನ್ನು ಬಾಂಬು ಹಾಕಿದ ದೇಶದ ಕೈಗೆ ಸದ್ದಿಲ್ಲದೆ ಒಪ್ಪಿಸಲು ಎಂತಹ ಹೃದಯ ಬೇಕು!

ಕೈಯಲ್ಲಿ ಸಸಿ ಇರುವಾಗಲೇ ಅಂತ್ಯದಿನ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಿ ಎಂದು ಪ್ರವಾದಿ(ಸ) ಕಲಿಸಿದರು. ಫಲ ಕಾಣುವುದು ನಮ್ಮ ಪಾಲಿಗೆ ಬಂದಿರಲೇಬೇಕೆಂದಿಲ್ಲ. ಎಂಟು ಕೈಯ ಮರವನ್ನು ಇಂದು ಎತ್ತುವ ಕೈಗಳೆಲ್ಲ ಒಂದು ದಿನ ಮಣ್ಣು ಸೇರುತ್ತವೆ. ಅದನ್ನು ಎತ್ತಿಕೊಳ್ಳಲು ಬೇರೆ ಕೈಗಳನ್ನು ನಾವು ಸಿದ್ಧಪಡಿಸಿದ್ದೇವೆಯೇ?