ಮರಳಿ ಆಡಬಹುದಾದ ಲೋಕ

ಮೊಬೈಲ್ ಆಟವೆಂದೊಡನೆ ನಮ್ಮ ಕುಟುಂಬಗಳಲ್ಲಿ ಕೇಳಿಬರುವ ಮೊದಲ ಮಾತು 'ಕಾಲಹರಣ' ಎಂಬುದು. ಈ ತೀರ್ಪು ಎಲ್ಲ ಆಟಗಳಿಗೂ ಸಲ್ಲುವುದೇ? ಕೊಲ್ಲುವ ಆಟ, ಹಣ ಕಟ್ಟುವ ಆಟಗಳನ್ನು ಇಲ್ಲಿ ಬದಿಗಿಡೋಣ. ಭಾರ, ವೇಗ, ಆಸರೆ ಮುಂತಾದ ಭೌತವಿಜ್ಞಾನದ ನಿಯಮಗಳನ್ನೇ ಒಗಟಾಗಿಸಿಕೊಂಡು, ಅವಸರವಿಲ್ಲದೆ ಆಡುವ ಆಟಗಳೂ ಇವೆ.

2009ರ ಡಿಸೆಂಬರಿನಲ್ಲಿ ಫಿನ್ಲೆಂಡ್ ದೇಶದ ರೋವಿಯೋ ಸಂಸ್ಥೆ ಹೊರತಂದ 'ಆಂಗ್ರಿ ಬರ್ಡ್ಸ್' ಇವುಗಳಲ್ಲಿ ಬಹಳ ಪರಿಚಿತವಾದುದು. ಕವಣೆಯಲ್ಲಿ ಹಕ್ಕಿಯನ್ನಿಟ್ಟು ಎಳೆದು ಬಿಟ್ಟರೆ ಅದು ಬಿಲ್ಲಿನಂತೆ ಬಾಗಿದ ಹಾದಿಯಲ್ಲಿ ಹಾರಿ, ಹಂದಿಗಳು ಅಡಗಿರುವ ಮರ, ಗಾಜು, ಕಲ್ಲುಗಳ ಗೋಪುರವನ್ನು ಕೆಡವಬೇಕು. ಎಳೆತದ ಬಲ ಮತ್ತು ಕೋನ, ಎರಡೇ ಲೆಕ್ಕ. ಯಾವ ತುಂಡು ಯಾವುದರ ಮೇಲೆ ನಿಂತಿದೆ, ಎತ್ತ ವಾಲುತ್ತದೆ ಎಂಬುದನ್ನು 'ಬಾಕ್ಸ್ 2ಡಿ' ಎಂಬ ತಂತ್ರಾಂಶ ಕ್ಷಣಕ್ಷಣವೂ ಗುಣಿಸುತ್ತಿತ್ತು. ಮಾಡಿದ್ದಕ್ಕೆ ತಕ್ಕ ಫಲ, ಪಕ್ಷಪಾತವಿಲ್ಲ.

ಕುಂದಗೋಳ ತಾಲ್ಲೂಕಿನ ಸಂಶಿಯಂಥ ಊರಿನಲ್ಲಿ ಕುಳಿತು ಇದನ್ನು ಯೋಚಿಸಿದರೆ ಒಂದು ಸೋಜಿಗ ಕಾಣುತ್ತದೆ. ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆಗಟ್ಟಿದಾಗ ಅಟ್ಟಣಿಗೆಯೇರಿ, ಕವಣೆ ಬೀಸಿ ಹಕ್ಕಿ ಓಡಿಸಿದ ಕೈಗಳು ಈ ಸೀಮೆಯವು. ಅಲ್ಲಿ ಹಕ್ಕಿಯತ್ತ ಕಲ್ಲು; ಆಟದಲ್ಲಿ ಹಕ್ಕಿಯೇ ಕಲ್ಲು! ನಿಜವಾದ ವ್ಯತ್ಯಾಸ ಮಾತ್ರ ಬೇರೆ. ಆಟದಲ್ಲಿ ಗುರಿ ತಪ್ಪಿದರೆ ಮೊದಲಿನಿಂದ ಆರಂಭಿಸಬಹುದು, ಯಾರಿಗೂ ನಷ್ಟವಿಲ್ಲ. ಮಳೆಯನ್ನೇ ನಂಬಿದ ಹೊಲದಲ್ಲಿ ಬಿತ್ತಿಗೆಯ ಹದ ತಪ್ಪಿದರೆ ಹಂಗಾಮೇ ಹೋಯಿತು. ಎಲ್ಲವನ್ನೂ ಸರಿಯಾಗಿ ಮಾಡಿದವನೂ ಅಲ್ಲಿ ಸೋಲುತ್ತಾನೆ.

ಹೀಗಿರುವಾಗ, ಸೋಲು ಯಾರನ್ನೂ ನೋಯಿಸದ ಲೋಕದಲ್ಲಿ ಅರ್ಧ ಗಂಟೆ ಇರಲು ದಣಿದವನೊಬ್ಬ ಬಯಸಿದರೆ ತಪ್ಪೇನು? ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಆಟದ ಪ್ರಶ್ನೆಯನ್ನು ತಮ್ಮ 'ಸುಮ್ಮಾ ತಿಯೊಲಾಜಿಯಾ'ದಲ್ಲಿ ಕೈಗೆತ್ತಿಕೊಂಡರು. ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದುಡಿದ ಮನಸ್ಸಿಗೂ ಬೇಕು, ಆಟವೇ ಆ ವಿಶ್ರಾಂತಿ ಎಂಬುದು ಅವರ ನಿಲುವು. ಶಿಷ್ಯರೊಡನೆ ಆಡುತ್ತಿದ್ದ ಸಂತ ಯೊವಾನ್ನರನ್ನು ಕಂಡು ಕೆಲವರು ಮುನಿದಾಗ, ಬಿಡುವಿಲ್ಲದೆ ಬಾಣ ಬಿಡುತ್ತಿದ್ದರೆ ಬಿಲ್ಲು ಮುರಿಯುವುದೆಂಬುದನ್ನು ಅವರಿಂದಲೇ ಹೇಳಿಸಿದ ಹಳೆಯ ಕಥೆಯನ್ನೂ ಅಲ್ಲಿ ನೆನೆಯುತ್ತಾರೆ. ತಾನೂ ನಗದೆ ಇತರರ ನಗುವಿಗೂ ಅಡ್ಡಿಯಾಗುವವನು ತಪ್ಪಿತಸ್ಥನೆಂದೇ ಅವರ ಎಣಿಕೆ. (ನಮ್ಮಲ್ಲಿ ಕೆಲವು ಹಿರಿಯರು, ಗುರುಗಳೂ ಸೇರಿ, ಆ ಪುಟವನ್ನು ಓದಿದಂತಿಲ್ಲ.)

ಆದರೆ ಪ್ರಿಯ ಓದುಗರೇ, ಅಕ್ವಿನಾಸರು ಮಿತಿಯನ್ನೂ ಹೇಳಿದರು. ಆ ಮಿತಿಯನ್ನು ಗಡಿಯಾರವೊಂದೇ ಅಳೆಯಲಾರದು. ಬೆಳೆ ಕೈಕೊಟ್ಟ ವರ್ಷ ತಂದೆ ಪಡಸಾಲೆಯಲ್ಲಿ ಸಾಲದ ಲೆಕ್ಕ ಹಾಕುತ್ತಿರುವಾಗ, ಮಗನು ಒಳಕೋಣೆಯಲ್ಲಿ ಗೋಪುರ ಕೆಡವುತ್ತಿದ್ದರೆ ಹತ್ತು ನಿಮಿಷವೂ ಹೆಚ್ಚೇ. ಅವನು ಸೋಮಾರಿಯಾಗಿರಬೇಕೆಂದಿಲ್ಲ; ಮನೆಯ ಸೋಲಿನೆದುರು ಕೂರುವ ಧೈರ್ಯ ಸಾಲದಿರಬಹುದು. ಮತ್ತೊಂದು ತೊಡಕೂ ಇದೆ. 2015ರಲ್ಲಿ ಬಂದ 'ಆಂಗ್ರಿ ಬರ್ಡ್ಸ್ 2'ರಲ್ಲಿ ಜೀವಗಳಿಗೆ ಲೆಕ್ಕವಿಟ್ಟರು: ಮುಗಿದರೆ ಕಾಯಬೇಕು, ಇಲ್ಲವೇ ರತ್ನ ತೆರಬೇಕು, ರತ್ನ ಬೇಗ ಬೇಕಾದರೆ ನಿಜವಾದ ಹಣ. ದಣಿವಾರಿಸುವ ಆಟವೇ ದಣಿದವನ ಅಸಹನೆಯನ್ನು ಮಾರಾಟಕ್ಕಿಟ್ಟಿತು. ಅಂಥದ್ದನ್ನು ವಿಶ್ರಾಂತಿಯೆನ್ನಲು ನನಗೆ ಮನಸ್ಸೊಪ್ಪದು.

ಆ ಮಗನ ಕೈಯಿಂದ ಫೋನನ್ನು ಕಸಿದುಕೊಳ್ಳುವುದರ ಬದಲು, ಅವನೇ ಪಡಸಾಲೆಗೆ ಬಂದು ಅದನ್ನು ಅಪ್ಪನ ಕೈಗಿಟ್ಟರೆ ಹೇಗೆ? ಕವಣೆ ಬೀಸಿ ಬಲ್ಲ ಕೈಗೆ ಕೋನವನ್ನು ಹೇಳಿಕೊಡಬೇಕಾಗಿಲ್ಲ. ಒಂದೆರಡು ಗೋಪುರ ಉರುಳಿದ ಮೇಲೆ, ಬೀಜದ ಮಾತು, ಸಾಲದ ಮಾತು ಇಬ್ಬರ ಬಾಯಿಗೂ ಬಂದೀತು.